ಇಂದಿನ ಧಮ್ಮ ಚಿಂತನೆ: ವೀಲ್‌ಚೇರ್ ಮತ್ತು ವಿರಿಯ ಪಾರಮಿ





ಹತ್ತು ಪಾರಮಿಗಳಲ್ಲಿ ವಿರಿಯ ಒಂದು. ವಿರಿಯ ಎಂದರೆ ಬಿಡದ ಪ್ರಯತ್ನ. ಅದಕ್ಕೆ ಗಟ್ಟಿಮುಟ್ಟಾದ ದೇಹ ಬೇಕೇ? ಇಬ್ಬರ ಬದುಕನ್ನು ನೋಡೋಣ.

*1. ಮಾಲತಿ ಹೊಳ್ಳ*
1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಹಸುಗೂಸಾಗಿದ್ದಾಗ ಜ್ವರ ಬಂದು ಮೈ ಸ್ವಾಧೀನ ತಪ್ಪಿತು. ಬಾಲ್ಯದ ಸುಮಾರು 15 ವರ್ಷ ಚೆನ್ನೈನ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಳೆಯಿತು, 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಮುಂದೆ ಬ್ಯಾಂಕ್ ಉದ್ಯೋಗಿಯಾದರು. ವೀಲ್‌ಚೇರ್‌ನಲ್ಲೇ ಓಟ, ಶಾಟ್‌ಪುಟ್, ಡಿಸ್ಕಸ್, ಜಾವೆಲಿನ್‌ನಲ್ಲಿ 300ಕ್ಕೂ ಹೆಚ್ಚು ಪದಕ ಗೆದ್ದರು. ಅರ್ಜುನ ಪ್ರಶಸ್ತಿ ಬಂತು, 2001ರಲ್ಲಿ ಪದ್ಮಶ್ರೀಯೂ ಬಂತು. ಅಲ್ಲಿಗೇ ನಿಲ್ಲದೆ, ಗೆಳೆಯರೊಡನೆ ಮಾತೃ ಫೌಂಡೇಶನ್ ಕಟ್ಟಿ, ಬಡ ಅಂಗವಿಕಲ ಮಕ್ಕಳಿಗೆ ಆಶ್ರಯ, ಓದು ಕೊಟ್ಟರು.

*2. ಸ್ಪೆನ್ಸರ್ ವೆಸ್ಟ್*
ಐದನೇ ವಯಸ್ಸಿನಲ್ಲೇ ಎರಡೂ ಕಾಲು ಕಳೆದುಕೊಂಡವರು. 2012ರ ಜೂನ್‌ನಲ್ಲಿ ಆಫ್ರಿಕಾದ ಅತಿ ಎತ್ತರದ ಕಿಲಿಮಂಜಾರೊ (5,895 ಮೀಟರ್) ಏರಿದರು. ಸ್ವಲ್ಪ ದಾರಿ ವೀಲ್‌ಚೇರ್‌ನಲ್ಲಿ, ಉಳಿದ ಬಹುಪಾಲು ಕೈಯೂರಿ ನಡೆದು. ಕೀನ್ಯಾದ ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸಲು ಹಣ ಕೂಡಿಸುವುದು ಆ ಯಾತ್ರೆಯ ಉದ್ದೇಶ. 5 ಲಕ್ಷ ಡಾಲರಿಗೂ ಹೆಚ್ಚು ಸೇರಿತು.

ಇಬ್ಬರೂ ಒಂಟಿಯಾಗಿ ಏರಲಿಲ್ಲ ಎಂಬುದನ್ನು ಗಮನಿಸಿ. ಸ್ಪೆನ್ಸರ್ ಜೊತೆ ಇಬ್ಬರು ಗೆಳೆಯರಿದ್ದರು. ಮಾಲತಿಯವರಿಗೆ ಚಿಕಿತ್ಸೆ ಸಿಕ್ಕಿತ್ತು, ಓದು ಸಿಕ್ಕಿತ್ತು, ಕೆಲಸ ಸಿಕ್ಕಿತ್ತು. ವಿರಿಯ ಒಬ್ಬರದು, ದಾರಿ ಮಾತ್ರ ಎಲ್ಲರೂ ಸೇರಿ ಮಾಡಿಕೊಡಬೇಕಾದದ್ದು. ಹಾಗಾಗಿ "ಅವರು ಮಾಡಿದರು, ನಿನಗೇನಾಗಿದೆ?" ಎಂದು ಯಾವ ಅಂಗವಿಕಲರನ್ನೂ ಕೇಳಬೇಡಿ. ಅವರಿಗೆ ಏನು ಸಿಕ್ಕಿಲ್ಲ ಎಂದು ಕೇಳಿ.

*ಕರ್ಮದ ಮಾತು*
ನನ್ನ ತಂಗಿಗೆ ಪೋಲಿಯೋ ಆಗಿತ್ತು. ಊರಲ್ಲಿ ಅವಳನ್ನು ನೋಡಿದವರು ನಮ್ಮವ್ವನಿಗೆ "ಯಾವ ಜನ್ಮದ ಕರ್ಮವೋ ಕಣವ್ವ" ಅನ್ನುತ್ತಿದ್ದರು. ನಮ್ಮ ಕೇರಿ ಯಾಕೆ ಊರಾಚೆ ಇದೆ ಎಂದು ಕೇಳಿದರೂ ಅದೇ ಜನರ ಉತ್ತರ ಅದೇ ಆಗಿತ್ತು!

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಪೂರ್ವಜನ್ಮದ ಕರ್ಮವಾದವನ್ನು ಯಾಕೆ ಒಪ್ಪಲಿಲ್ಲ? ನೊಂದವರ ಮೇಲೇ ತಪ್ಪು ಹೊರಿಸಿ, ಸಮಾಜವೂ ಸರ್ಕಾರವೂ ಹೊಣೆಯಿಂದ ಜಾರಿಕೊಳ್ಳಲು ಅದು ದಾರಿ ಮಾಡುತ್ತದೆ ಎಂದು.

ದುಃಖಕ್ಕೆ ಕಾರಣವಿದೆ, ಕಾರಣ ತೆಗೆದರೆ ದುಃಖವೂ ಹೋಗುತ್ತದೆ. ಪೋಲಿಯೋಗೆ ಕಾರಣ ಒಂದು ವೈರಸ್. ಮನೆಮನೆಗೆ ಹೋಗಿ ಮಕ್ಕಳ ಬಾಯಿಗೆ ಹನಿ ಹಾಕಿದರು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಹೋಮ, ಹರಕೆಗಳಿಂದ ಆದದ್ದಲ್ಲ ಇದು.

ಪೋಲಿಯೋ ಜಾತಿ ನೋಡಿ ಬರುತ್ತಿರಲಿಲ್ಲ. ಆದರೆ ಬಂದ ಮೇಲೆ ಆಸ್ಪತ್ರೆ, ಕ್ಯಾಲಿಪರ್, ಶಾಲೆ ಯಾರಿಗೆ ಸಿಗಬೇಕು ಎಂಬುದನ್ನು ಜಾತಿ ಮತ್ತು ದುಡ್ಡು ತೀರ್ಮಾನಿಸುತ್ತಿದ್ದವು.

*ಕರುಣೆಯಿಂದ ಮೈತ್ರಿಗೆ*
1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮದೀಕ್ಷೆ ಪಡೆದಾಗ ಬಾಬಾಸಾಹೇಬರ ಕಾಲುಗಳು ಸೋತಿದ್ದವು. ಕೋಲು ಹಿಡಿದು, ಆಸರೆ ಪಡೆದು ನಿಂತರು. ಆಸರೆ ಪಡೆಯುವುದು ಅವಮಾನವಲ್ಲ, ಕೊಡುವುದು ಉಪಕಾರವೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವುದೂ ಹಕ್ಕಿನ ಮಾತನ್ನೇ: ಸಾರ್ವಜನಿಕ ಕಟ್ಟಡದೊಳಗೆ ಎಲ್ಲರೂ ಹೋಗುವಂತಿರಬೇಕು, ಸರ್ಕಾರಿ ಉದ್ಯೋಗದಲ್ಲಿ ಶೇ. 4 ಮೀಸಲಾತಿ ಇರಬೇಕು.

*ಇಂದಿನ ಅಭ್ಯಾಸ*
🔹 ನಿಮ್ಮ ಬೀದಿಯಲ್ಲಿ ಅಂಗವಿಕಲರ ಗುರುತಿನ ಚೀಟಿ, ಮಾಸಾಶನ ಇನ್ನೂ ಸಿಗದವರು ಇದ್ದಾರೆಯೇ? ಒಬ್ಬರ ಅರ್ಜಿ ತುಂಬಿಕೊಡಿ.
🔹 "ಕರ್ಮ", "ಪಾಪ" ಎಂಬ ಮಾತು ಮನೆಯಲ್ಲಿ ಕೇಳಿದರೆ ಸಮಾಧಾನದಿಂದ ತಿದ್ದಿ.
🔹 ನಮ್ಮ ಭಾನುವಾರದ ವಂದನೆ ನಡೆಯುವುದು ಮೊದಲ ಮಹಡಿಯಲ್ಲಿ. 18 ಮೆಟ್ಟಿಲು. ಅದನ್ನು ನೆಲಮಹಡಿಗೆ ತರೋಣ ಎಂಬುದು ನನ್ನ ಕೋರಿಕೆ. ಜಾಗ ಚಿಕ್ಕದು, ಒತ್ತಿ ಕೂರಬೇಕಾಗುತ್ತದೆ. ಈ ಭಾನುವಾರ ಎಲ್ಲರೂ ಕೂತು ತೀರ್ಮಾನಿಸೋಣ.

ಕಿಲಿಮಂಜಾರೊ ದೂರದಲ್ಲಿದೆ. ಈ 18 ಮೆಟ್ಟಿಲು ನಮ್ಮ ಕೈಯಲ್ಲೇ ಇವೆ.

ಭವತು ಸಬ್ಬ ಮಂಗಲಂ 🙏
ಸಾಧು ಸಾಧು ಸಾಧು