ಜೀವಕೋಶ ಗಮನಿಸುವ ಸಾವಯವ ಎಲೆಕ್ಟ್ರಾನಿಕ್ ಸಂವೇದಕಗಳು

1. ಮೂಲ: ವಿದ್ಯುತ್ ಹರಿಸುವ ಪಾಲಿಮರ್‌ಗಳು (1977). ರಸಾಯನಶಾಸ್ತ್ರ ನೊಬೆಲ್ 2000: ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಕಾವಾ. ಭೌತಶಾಸ್ತ್ರ ಎಂದು ಗುರುತಿಸಿ ಅಂಕ ಕಳೆದುಕೊಳ್ಳಬೇಡಿ.

2. ಮುಖ್ಯ ಸಾಧನ: ಓಇಸಿಟಿ, ಅಂದರೆ ಸಾವಯವ ವಿದ್ಯುದ್ರಾಸಾಯನಿಕ ಟ್ರಾನ್ಸಿಸ್ಟರ್. ಮೊದಲ ವರದಿ 1984, ಮಾರ್ಕ್ ರೈಟನ್ ತಂಡ, ಎಂಐಟಿ (ಅಮೆರಿಕ).

3. ಹೆಚ್ಚು ಬಳಕೆಯ ವಸ್ತು: ಪೆಡಾಟ್-ಪಿಎಸ್‌ಎಸ್. ಪೆಡಾಟ್ ರೂಪುಗೊಂಡದ್ದು ಜರ್ಮನಿಯ ಬೇಯರ್‌ನಲ್ಲಿ.

4. ಕೆಲಸ ಮಾಡುವ ಬಗೆ (ವಿವರಣಾತ್ಮಕ ಪ್ರಶ್ನೆಗೆ ಇದೇ ತಿರುಳು):
• ಗೇಟ್‌ಗೆ ಧನ ವೋಲ್ಟೇಜ್ ಕೊಟ್ಟರೆ ದ್ರಾವಣದ ಧನ ಅಯಾನುಗಳು ಪೆಡಾಟ್-ಪಿಎಸ್‌ಎಸ್ ಪದರದೊಳಗೆ ನುಗ್ಗುತ್ತವೆ. ವಿದ್ಯುತ್ ಪ್ರವಾಹ ಇಳಿಯುತ್ತದೆ.
• ಮೇಲೆ ಬೆಳೆದ ಕೋಶಪದರ ಗಟ್ಟಿಯಾಗಿದ್ದರೆ ಅಯಾನುಗಳಿಗೆ ತಡೆ. ವಿಷವಸ್ತು ಕೋಶಪದರವನ್ನು ಕೆಡಿಸಿದರೆ ಅಯಾನುಗಳು ಬೇಗ ದಾಟುತ್ತವೆ, ಸಂಕೇತ ಬದಲಾಗುತ್ತದೆ. ಕೋಶಗಳಿಗೆ ಬಣ್ಣ ಹಾಕುವ ಅಗತ್ಯವಿಲ್ಲ.

5. ಗೊಂದಲದ ಜೋಡಿ: ಓಎಫ್‌ಇಟಿಯಲ್ಲಿ (ಸಾವಯವ ಕ್ಷೇತ್ರ ಪರಿಣಾಮ ಟ್ರಾನ್ಸಿಸ್ಟರ್) ಆವೇಶ ಮೇಲ್ಮೈ ಬಳಿಯ ತೆಳು ಪದರದಲ್ಲಿ, ಓಇಸಿಟಿಯಲ್ಲಿ ಇಡೀ ಗಾತ್ರದಲ್ಲಿ. ಇದರಿಂದಲೇ 1 ವೋಲ್ಟ್‌ಗಿಂತ ಕಡಿಮೆಯಲ್ಲೂ ಬಲವಾದ ಸಂಕೇತ.

6. ಮಾರುಕಟ್ಟೆಯ ತೊಡಕು: ದ್ರವದಲ್ಲಿ ದೀರ್ಘಕಾಲ ಬಾಳಿಕೆ, ತಯಾರಿಕೆಯ ಒಂದು ಕಂತಿನಿಂದ ಇನ್ನೊಂದಕ್ಕೆ ಏಕರೂಪತೆ, ಕ್ರಿಮಿಶುದ್ಧೀಕರಣ, ನಿಯಂತ್ರಕರ ಅನುಮತಿ. ಎರಡನೆಯದೇ ದೊಡ್ಡ ತಲೆನೋವು: ಒಂದು ಚಿಪ್ ಚೆನ್ನಾಗಿ ನಡೆದರೆ ಪ್ರಬಂಧವಾದೀತು, ಸರಕಾಗದು.

7. ಬೇಡಿಕೆಗೆ ಇಂಬು: ಔಷಧ ಪರೀಕ್ಷೆಯಲ್ಲಿ ಪ್ರಾಣಿಪ್ರಯೋಗದ ಕಡ್ಡಾಯ ತೆಗೆದ ಅಮೆರಿಕದ ಕಾಯ್ದೆ (ಡಿಸೆಂಬರ್ 2022), ಇದೇ ದಿಕ್ಕಿನಲ್ಲಿ ಭಾರತದ ನಿಯಮ ತಿದ್ದುಪಡಿ 2023.

8. ಭಾರತದಲ್ಲಿ ಅನುಮತಿ: ವೈದ್ಯಕೀಯ ಸಾಧನ ನಿಯಮಗಳು 2017, ಜಾರಿ 1 ಜನವರಿ 2018. ವರ್ಗ ಎ ಅತಿ ಕಡಿಮೆ ಅಪಾಯ, ಡಿ ಅತಿ ಹೆಚ್ಚು. ಕ್ರಮ ತಿರುವಿ ಕೇಳುವುದುಂಟು, ಎಚ್ಚರ.