ಬೆರಳು ನೇರವಾದ ಮೇಲೆ

ಪ್ರಶ್ನೆ: ಕ್ರಿಸ್ಮಸ್ ಬಂತೆಂದರೆ ನಮ್ಮ ಚರ್ಚಿನವರೆಲ್ಲ ವೃದ್ಧಾಶ್ರಮಕ್ಕೆ ಹೋಗಿ ಕಂಬಳಿ, ಹಣ್ಣು ಹಂಚಿ ಬರುತ್ತೇವೆ. ಮನಸ್ಸಿಗೆ ಹಿತವಾಗುತ್ತದೆ. ಆದರೆ ಅವರಿಗೆ ಬೇಕಾಗಿದ್ದುದು ಅದೇನಾ ಎಂಬ ಅನುಮಾನ ಕಾಡುತ್ತದೆ. ನಂಬಿಕೆಯನ್ನು ಬಾಳುವುದೆಂದರೆ ಇಷ್ಟೇನಾ?
– ಓದುಗರೊಬ್ಬರು, ಹಾಸನ

ಉತ್ತರ: ಕಂಬಳಿ ಕೊಡುವುದನ್ನು ನಿಲ್ಲಿಸಬೇಡಿ, ಡಿಸೆಂಬರಿನ ಚಳಿಗೆ ಅದು ಬೇಕೇ ಬೇಕು. ಅನುಮಾನವನ್ನೂ ಬಿಡಬೇಡಿ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಯೆರಿಕೋ ಊರಿನ ದಾರಿ ಬದಿಯಲ್ಲಿ ಭಿಕ್ಷೆಗೆ ಕೂತಿದ್ದ ಕುರುಡ ಬಾರ್ತಿಮಾಯ ಕೂಗಿದಾಗ ಯೇಸುಸ್ವಾಮಿ ನಿಲ್ಲುತ್ತಾರೆ, ಅವನನ್ನು ಕರೆಸಿ, ನನ್ನಿಂದ ನಿನಗೇನಾಗಬೇಕು ಎಂದು ಕೇಳುತ್ತಾರೆ. ಕುರುಡನಿಗೆ ಏನು ಬೇಕೆಂಬುದು ಅಲ್ಲಿದ್ದ ಯಾರಿಗೆ ಗೊತ್ತಿರಲಿಲ್ಲ? ಆದರೂ ಕೇಳಿದರು. ನಂಬಿಕೆಯ ಬಾಳು ಶುರುವಾಗುವುದೇ ಈ ಕೇಳುವುದರಿಂದ ಎಂದು ನಾನು ತಿಳಿದಿದ್ದೇನೆ. ಕಷ್ಟವಿರುವುದು ಆಮೇಲೆ: ಬಂದ ಉತ್ತರ ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗಬೇಕು.

ಹಾಗೆ ಹೋದವರೊಬ್ಬರು ವೆಲ್ಲೂರಿನ ಡಾ. ಪಾಲ್ ಬ್ರ್ಯಾಂಡ್. ನಮ್ಮ ಕಡೆಯವರೂ ಚಿಕಿತ್ಸೆಗೆಂದು ಹೋಗುತ್ತಾರಲ್ಲ, ಅದೇ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯರು. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಯ ಮಗನಾಗಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗದಿಂದ ನರ ಸತ್ತು ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡಿದ್ದವರನ್ನು ಆಗ ಸಾಮಾನ್ಯ ಆಸ್ಪತ್ರೆಗಳು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಮುಂದೋಳಿನಲ್ಲಿ ಇನ್ನೂ ಶಕ್ತಿ ಉಳಿದಿದ್ದ ಸ್ನಾಯುಗಳ ರಜ್ಜುವನ್ನು ಬೆರಳಿಗೆ ಜೋಡಿಸಿ ಬ್ರ್ಯಾಂಡ್ ಆ ಕೈಗಳನ್ನು ಮತ್ತೆ ಬಿಡಿಸಿದರು. ವೈದ್ಯರ ಲೆಕ್ಕದಲ್ಲಿ ಕೆಲಸ ಅಲ್ಲಿಗೆ ಮುಗಿಯಿತು.

ಆದರೆ ಕೈ ಸರಿಹೋದವರು ತಿರುಗಿ ಬಂದು ಬೇರೆಯೇ ಕಷ್ಟ ಹೇಳಿಕೊಂಡರು. ಮಡಚಿದ ಬೆರಳು ನೋಡಿ ಕಾಸು ಹಾಕುತ್ತಿದ್ದ ಜನ, ಈ ನೆಟ್ಟಗಿನ ಕೈ ನೋಡಿ ಹಾಕುತ್ತಿಲ್ಲ. ಮೈಮೇಲಿನ ಉಳಿದ ಗುರುತು ನೋಡಿ ಯಾರೂ ಕೆಲಸ ಕೊಡುತ್ತಿಲ್ಲ, ತಂಗಲು ಜಾಗವನ್ನೂ ಕೊಡುತ್ತಿಲ್ಲ. ಬೇಡುವುದಕ್ಕೂ ಒದಗದ ಕೈ! ಇಷ್ಟೆಲ್ಲ ಮಾಡಿದ ಮೇಲೂ ಹೀಗಂತಾರಲ್ಲ ಎಂದು ಬೇಸರಪಟ್ಟುಕೊಳ್ಳಬಹುದಿತ್ತು. ಬ್ರ್ಯಾಂಡ್ ಆ ಮಾತನ್ನು ಮುಂದಿನ ಕೆಲಸವೆಂದು ತೆಗೆದುಕೊಂಡರು. ಕಾಲೇಜಿನ ಆವರಣದಲ್ಲೇ ಮಣ್ಣಿನ ಗೋಡೆಯ ಮನೆಗಳೆದ್ದವು. ಅದಕ್ಕೆ ನವಜೀವ ನಿಲಯ ಎಂದು ಹೆಸರಾಯಿತು. ವೈದ್ಯಕೀಯ ಓದುವ ಮೊದಲು ಕಟ್ಟಡದ ಕೆಲಸ, ಮರಗೆಲಸ ಕಲಿತಿದ್ದ ಬ್ರ್ಯಾಂಡ್ ಅಲ್ಲಿ ಉಳಿ, ಗರಗಸ ಹಿಡಿದು ಮರದ ಆಟಿಕೆ ಮಾಡುವುದನ್ನು ಹೇಳಿಕೊಟ್ಟರು.

ಜೊತೆಯಲ್ಲಿದ್ದುದರಿಂದಲೇ ಗೊತ್ತಾದ ಸಂಗತಿಗಳೂ ಇವೆ. ಬೆಳಗಾಗುವಷ್ಟರಲ್ಲಿ ಕೆಲವರ ಬೆರಳ ತುದಿ ಇರುತ್ತಿರಲಿಲ್ಲ. ರೋಗಕ್ಕೆ ಉದುರಿತು ಎಂದೇ ಎಲ್ಲರೂ ನಂಬಿದ್ದರು. ರಾತ್ರಿ ಕಾವಲು ಕೂತು ನೋಡಿದರೆ, ಇಲಿ ಬಂದು ಕಡಿಯುತ್ತಿತ್ತು. ಸ್ಪರ್ಶವೇ ಇಲ್ಲದ ಕೈ, ಎಚ್ಚರವಾಗುವುದು ಹೇಗೆ? ಅಂದಿನಿಂದ ಮನೆಗೆ ಹೊರಟವರ ಜೊತೆ ಒಂದು ಬೆಕ್ಕನ್ನೂ ಕಳಿಸುವುದು ರೂಢಿಯಾಯಿತು. ಕಲ್ಲು ಮುಳ್ಳು ಚುಚ್ಚಿದರೂ ತಿಳಿಯದ ಪಾದಗಳಿಗೆ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸಿದರು. ಬೆಕ್ಕು, ಚಪ್ಪಲಿ, ಮರಗೆಲಸ ಯಾವ ವೈದ್ಯಪುಸ್ತಕದಲ್ಲೂ ಇರಲಿಲ್ಲ. ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ, ಬಟ್ಟೆಯಿಲ್ಲದವರಿಗೆ ಬೆಚ್ಚಗಿರಿ ಎಂದು ಬರೀ ಹಾರೈಸಿ ಕಳಿಸಿದರೆ ಏನು ಬಂತು ಎಂದು ಕೇಳುತ್ತದಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಇನ್ನು ನಿಮ್ಮ ವಿಷಯ. ಡಿಸೆಂಬರ್ ತನಕ ಕಾಯಬೇಡಿ. ಮೈಕು, ಬ್ಯಾನರು, ಫೋಟೋ ಯಾವುದೂ ಇಲ್ಲದೆ ಇಬ್ಬರು ಮೂವರು ಹೋಗಿ ಅಲ್ಲಿನ ಅಜ್ಜ ಅಜ್ಜಿಯರ ಹತ್ತಿರ ಕೂತುಕೊಳ್ಳಿ. ಕೇಳಿದ ತಕ್ಷಣ ಹೇಳಲಾರರು. ಕೊಟ್ಟದ್ದನ್ನು ತೆಗೆದುಕೊಂಡು ಕೈಮುಗಿದೇ ಅಭ್ಯಾಸವಾಗಿರುತ್ತದೆ. ಎರಡನೇ ಸಲ, ಮೂರನೇ ಸಲ ಹೋದಾಗ ಬಾಯಿ ಬಿಟ್ಟಾರು. ಒಬ್ಬರಿಗೆ ಕನ್ನಡಕದ ನಂಬರ್ ಬದಲಾಗಿರಬಹುದು. ಇನ್ನೊಬ್ಬರ ವೃದ್ಧಾಪ್ಯ ವೇತನ ನಿಂತುಹೋಗಿ, ನಾಡಕಚೇರಿಗೆ ಅವರ ಜೊತೆ ಹೋಗಿ ಸಾಲಿನಲ್ಲಿ ನಿಲ್ಲುವವರು ಬೇಕಾಗಿರಬಹುದು. ಅದಕ್ಕೆ ನಿಮ್ಮ ಒಂದು ದಿನದ ರಜೆ ಖರ್ಚಾಗುತ್ತದೆ. ಕೆಲಸ ಆಗದಿದ್ದರೆ ಮರುವಾರ ಮತ್ತೆ ಹೋಗಬೇಕಾಗುತ್ತದೆ.