ಅಕ್ಷರದಲ್ಲಿ ಅಡಗಿದ ತಪ್ಪು

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುತ್ತಿದ್ದನು. ಲೋಲಕದ ಉದ್ದ 100 ಸೆಂಟಿಮೀಟರು. 20 ಆಂದೋಲನಗಳಿಗೆ ಹಿಡಿದ ಕಾಲ 40.1 ಸೆಕೆಂಡು. ಇದರಿಂದ 9.8ಕ್ಕೆ ಸಮೀಪವಾದ ಬೆಲೆ ಬರಬೇಕು. ಅವನಿಗೆ ಬಂದುದು 9.53. ದಾರವನ್ನು ಶಂಕಿಸಿದನು, ಗಡಿಯಾರವನ್ನು ಶಂಕಿಸಿದನು. ಕೊನೆಗೆ ಉತ್ತರ ಸರಿಹೋಗಲೆಂದು ಉದ್ದದ ಅಳತೆಯನ್ನೇ ತಿದ್ದಲು ರಬ್ಬರನ್ನು ಕೈಗೆತ್ತಿಕೊಂಡನು. ನಾನು ಪುಸ್ತಕವನ್ನು ತೆಗೆದು ನೋಡಿದೆ. ಅವನ 1ರ ತಲೆಗೆ ಉದ್ದನೆಯ ಕೊಕ್ಕು! ತಾನು ಬರೆದ 40.1 ಅನ್ನು ತಾನೇ 40.7 ಎಂದು ಓದಿಕೊಂಡಿದ್ದನು. ಪ್ರಯೋಗದಲ್ಲಿ ದೋಷವಿರಲಿಲ್ಲ. ಒಂದು ಗೀಟಿನ ದೆಸೆಯಿಂದ ನಿಜವಾದ ಅಳತೆಯೊಂದು ಅಳಿಸಿಹೋಗಿ ಸುಳ್ಳು ಅಳತೆ ಅದರ ಜಾಗದಲ್ಲಿ ಕೂರುವುದರಲ್ಲಿತ್ತು.

ಅಕ್ಷರ ದುಂಡಾಗಿರಬೇಕೆಂದು ಹಿರಿಯರು ಹೇಳಿದರೆ ಅದು ಅಂದಕ್ಕಾಗಿ ಎಂದು ನಾವು ಭಾವಿಸುತ್ತೇವೆ. ಲೆಕ್ಕದಲ್ಲಿ ಅಂದಕ್ಕಿಂತ ಭೇದವು ಮುಖ್ಯ. 1ನ್ನು ಬರಿಯ ನೇರಗೆರೆಯಾಗಿ ಬರೆಯಬೇಕು. 7ರ ನಡುವೆ ಅಡ್ಡಗೆರೆಯೊಂದನ್ನು ಎಳೆಯಬಹುದು. ಕನ್ನಡ ಅಂಕಿಗಳಲ್ಲಿ ಬರೆಯುವವರು ೬, ೯ರ ವಿಷಯದಲ್ಲಿ ಎಚ್ಚರವಾಗಿರಬೇಕು. ತಪ್ಪಾದ ಅಂಕಿಯನ್ನು ಅಳಿಸದೆ, ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯುವುದು ಲೇಸು. ತಪ್ಪು ಎಲ್ಲಿ ನಡೆಯಿತೆಂಬುದು ಆಗ ಕಾಣುತ್ತದೆ.

ಭಾಷೆಯ ಕಡೆಗೂ ಗಮನವಿರಬೇಕು. ನೀರಿನ ಉಷ್ಣತೆ '20 ಡಿಗ್ರಿಗೆ ಏರಿತು' ಎಂಬುದು ಬೇರೆ, '20 ಡಿಗ್ರಿಯಷ್ಟು ಏರಿತು' ಎಂಬುದು ಬೇರೆ. ಮೊದಲನೆಯದು ಮುಟ್ಟಿದ ಸ್ಥಾನವನ್ನು ಹೇಳುತ್ತದೆ, ಎರಡನೆಯದು ವ್ಯತ್ಯಾಸವನ್ನು. ಪರೀಕ್ಷೆಯ ಗಡಿಬಿಡಿಯಲ್ಲಿ ಈ ಒಂದು ಪ್ರತ್ಯಯವನ್ನು ನುಂಗಿ ಅಂಕ ಕಳೆದುಕೊಳ್ಳುವವರನ್ನು ಪ್ರತಿ ವರ್ಷವೂ ಕಾಣುತ್ತೇನೆ.

ಇನ್ನು ಅಂಕಿಗಳ ಅದಲುಬದಲು. 63 ಎಂಬುದನ್ನು ನಕಲು ಮಾಡುವಾಗ 36 ಎಂದು ಬರೆದರೆ 27ರ ವ್ಯತ್ಯಾಸ ಬರುತ್ತದೆ. ಪಕ್ಕಪಕ್ಕದ ಯಾವ ಎರಡು ಅಂಕಿಗಳನ್ನು ಹೀಗೆ ಬದಲಿಸಿದರೂ ವ್ಯತ್ಯಾಸವು 9ರಿಂದ ಭಾಗವಾಗುತ್ತದೆ. ಆದುದರಿಂದ ಎರಡು ಮೊತ್ತಗಳು ತಾಳೆಯಾಗದೆ, ಅವುಗಳ ಅಂತರ 9ರಿಂದ ಭಾಗವಾದರೆ, ಮೊದಲು ಅದಲುಬದಲನ್ನು ಹುಡುಕಬೇಕು. ಬೇರೆ ತಪ್ಪಿನಿಂದಲೂ ಅಂತಹ ಅಂತರ ಬರಬಹುದು, ನಿಜ. ಆದರೂ ಹುಡುಕುವುದಕ್ಕೆ ಒಂದು ಜಾಡು ಸಿಕ್ಕಿತಲ್ಲ!

ಗುಣಾಕಾರವನ್ನು ಪರೀಕ್ಷಿಸುವ ಬಗೆ ಹೇಗೆ? 48ನ್ನು 312ರಿಂದ ಗುಣಿಸಬೇಕಾಗಿದೆ ಎನ್ನೋಣ. ಮೊದಲು ಅಂದಾಜು: ಐವತ್ತು ಮುನ್ನೂರಲಿ ಹದಿನೈದು ಸಾವಿರ. ಸರಿಯಾದ ಗುಣಲಬ್ಧ 14976. ಸೊನ್ನೆಯೊಂದು ಹೆಚ್ಚುಕಡಮೆಯಾದರೆ ಅಂದಾಜು ಒಡನೆ ಹಿಡಿಯುತ್ತದೆ. ಬಳಿಕ ಅಂಕಿಗಳನ್ನು ಕೂಡಿಸುತ್ತ ಒಂದೇ ಅಂಕಿಗೆ ಇಳಿಸಬೇಕು. 48 ಕೊಡುವುದು 3. 312 ಕೊಡುವುದು 6. ಇವುಗಳ ಗುಣಲಬ್ಧ 18, ಅಂದರೆ 9. 14976 ಕೊಡುವುದೂ 9.

ಆದರೆ ಯಾರಾದರೂ 14796 ಎಂದು ಬರೆದಿದ್ದರೆ? ಅಂದಾಜು ಒಪ್ಪುತ್ತದೆ, ಒಂಬತ್ತರ ಪರೀಕ್ಷೆಯೂ ಒಪ್ಪುತ್ತದೆ, ಕಾವಲುಗಾರರಿಬ್ಬರೂ ನಿದ್ರಿಸಿದ್ದಾರೆ. ಇಲ್ಲಿ ನೆರವಾಗುವುದು ಹನ್ನೊಂದು. 48ನ್ನು 11ರಿಂದ ಭಾಗಿಸಿದರೆ ಶೇಷ 4, 312ಕ್ಕೂ 4. ಇವುಗಳ ಗುಣಲಬ್ಧ 16. ಇದರ ಶೇಷ 5. 14976ರ ಶೇಷವೂ 5. 14796ರ ಶೇಷವಾದರೋ 1.